ಒನ್ ಬಿಎಚ್‌ಕೆಯೊಳಗೊಂದು ಆಫೀಸು: ಮುಂಬಯಿಯ ಪುಟ್ಟ ಮನೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಒನ್ ಬಿಎಚ್‌ಕೆ. ಕಾರ್ಪೆಟ್ ಲೆಕ್ಕದಲ್ಲಿ, ಅಂದರೆ ಗೋಡೆಗಳ ಒಳಗಿನ ನೆಲ ಮಾತ್ರ ಅಳೆದರೆ, 390 ಚದರಡಿ. ಅದರೊಳಗೆ ನಾನು, ಗಂಡ, ಎಂಟನೇ ಕ್ಲಾಸಿನ ಮಗ, ಅತ್ತೆ. ವಾರಕ್ಕೆ ಮೂರು ದಿನ ನನ್ನ ಆಫೀಸೂ ಅದರೊಳಗೇ. ಲೆಕ್ಕಪತ್ರದ ಕೆಲಸ ನನ್ನದು. ಉಳಿದೆರಡು ದಿನ ಫಾಸ್ಟ್ ಲೋಕಲ್ ಹಿಡಿದು ದಾದರ್ ದಾಟಿ ಹೋಗಿಬರುತ್ತೇನೆ. ಹಾಗಾಗಿ ಮನೆಯಲ್ಲಿ ಕೂತು ಕೆಲಸ ಮಾಡುವ ಸುಖ ಎಷ್ಟೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೊದಲ ಎಂಟು ತಿಂಗಳು ಆ ಸುಖ ಸೊಂಟನೋವಿನ ರೂಪದಲ್ಲೇ ಬಂತು. ಡೈನಿಂಗ್ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ, ಬೆನ್ನ ಹಿಂದೆ ಟೀವಿ. ಆಮೇಲೆ ಒಂದೊಂದಾಗಿ ಸರಿಮಾಡಿಕೊಂಡೆ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಗೆಳತಿಯರು ಪದೇ ಪದೇ ಕೇಳುವುದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಮೇಜಿನಿಂದ ಶುರುಮಾಡಬೇಡಿ. ಎಲ್ಲರೂ ಮೊದಲು ಮೇಜು ಕೊಳ್ಳುತ್ತಾರೆ, ನಾನೂ ಕೊಂಡಿದ್ದೆ. ಅದೀಗ ಗ್ಯಾಲರಿಯಲ್ಲಿ (ಬಾಲ್ಕನಿಯಲ್ಲಿ) ತುಳಸಿ ಕುಂಡ ಹೊತ್ತುಕೊಂಡು ನಿಂತಿದೆ.

ಮನೆಯ ಗಡಿಯಾರ ಬರೆದುಕೊಳ್ಳಿ

ಮುಂಬಯಿಯ ಮನೆಗಳಲ್ಲಿ ಜಾಗ ಯಾರೊಬ್ಬರದೂ ಅಲ್ಲ, ಹೊತ್ತಿಗೊಬ್ಬರದು. ಹಾಲ್ ಬೆಳಿಗ್ಗೆ ಬಟ್ಟೆ ಮಡಿಚುವ ಜಾಗ, ಮಧ್ಯಾಹ್ನ ಅತ್ತೆಯ ಧಾರಾವಾಹಿಯ ಜಾಗ, ರಾತ್ರಿ ಮಲಗುವ ಕೋಣೆ. ಆದ್ದರಿಂದ ಟೇಪು ಹಿಡಿಯುವ ಮೊದಲು ಒಂದು ವಾರ ಸುಮ್ಮನೆ ಟಿಪ್ಪಣಿ ಮಾಡಿ: ಯಾವ ಹೊತ್ತಿಗೆ ಯಾವ ಕೋಣೆಯಲ್ಲಿ ಯಾರು, ಯಾವ ಸದ್ದು.

ನಮ್ಮ ಮನೆಯ ಪಟ್ಟಿ ಹೀಗಿತ್ತು. ಆರೂವರೆಗೆ ನೀರು ಬಿಡುತ್ತಾರೆ, ಮುಕ್ಕಾಲು ಗಂಟೆ ಬಕೆಟ್ಟುಗಳ ಸದ್ದು. ಎಂಟಕ್ಕೆ ಕುಕ್ಕರು. ಒಂಬತ್ತೂವರೆಗೆ ಪಾತ್ರೆ ತೊಳೆಯುವ ಬಾಯಿ (ಇಲ್ಲಿ ಕೆಲಸದಾಕೆಯನ್ನು ಕರೆಯುವುದು ಹಾಗೆ) ಬರುತ್ತಾಳೆ. ಹನ್ನೊಂದಕ್ಕೆ ಪೂಜೆಯ ಗಂಟೆ. ಎರಡರಿಂದ ಮೂರೂವರೆ ಟೀವಿ. ನಾಲ್ಕರ ಸುಮಾರಿಗೆ ಕೆಳಗಡೆ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೂಗು, ಐದಾದ ಮೇಲೆ ಕಾಂಪೌಂಡಿನಲ್ಲಿ ಕ್ರಿಕೆಟ್ಟು. ಬರೆದ ಮೇಲೆ ಗೊತ್ತಾಯಿತು: ಹಾಲ್ ನನಗೆ ಹನ್ನೊಂದೂವರೆಯಿಂದ ಎರಡರವರೆಗೆ ಮಾತ್ರ ಸಿಗುತ್ತದೆ. ಬೆಡ್‌ರೂಮು ಮಾತ್ರ ಮಗ ಶಾಲೆಗೆ ಹೋದಾಗಿನಿಂದ ಸಂಜೆ ಐದರವರೆಗೂ ಖಾಲಿ. ಎಂಟು ತಿಂಗಳು ನಾನು ತಪ್ಪು ಕೋಣೆಯಲ್ಲಿ ಕೂತಿದ್ದೆ.

ಈ ಪಟ್ಟಿಯನ್ನು ಮೀಟಿಂಗ್ ಇಡುವಾಗಲೂ ಬಳಸಿ. ನಿಮ್ಮ ಕೈಯಲ್ಲಿದ್ದರೆ ಎಂಟಕ್ಕೂ ಒಂಬತ್ತೂವರೆಗೂ ಮೀಟಿಂಗ್ ಬೇಡ.

ಮೂಲೆ ಆರಿಸುವುದು

ಒಬ್ಬರಿಗೆ ಬೇಕಾದದ್ದು ಬಹಳವಿಲ್ಲ: ಗೋಡೆಗುಂಟ 90 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಮೇಜು, ಅದರ ಹಿಂದೆ ಕುರ್ಚಿ ಎಳೆದು ಏಳಲು ಮತ್ತೊಂದು 80 ಸೆಂ.ಮೀ. ನೆಲದ ಮೇಲೆ ಹಳೆಯ ಪೇಪರು ಹಾಸಿ ಅಷ್ಟು ಜಾಗ ಗುರುತು ಮಾಡಿ, ಎರಡು ದಿನ ಹಾಗೇ ಬಿಡಿ. ಎಲ್ಲರೂ ಅದನ್ನು ತುಳಿದುಕೊಂಡೇ ಓಡಾಡಿದರೆ ಆ ಮೂಲೆ ನಿಮ್ಮದಾಗುವುದಿಲ್ಲ. ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದೂ ನೋಡಿ. ನಮ್ಮಲ್ಲಿ ಪೇಪರು ಹಾಸಿದ ಮೇಲೆಯೇ ಅದು ಅರ್ಧಕ್ಕೇ ನಿಲ್ಲುವುದು ಕಂಡಿತು.

ಕಿಟಕಿ ಎದುರಿಗಿದ್ದರೆ ಕಣ್ಣಿಗೆ ಕುಕ್ಕುತ್ತದೆ. ಬೆನ್ನ ಹಿಂದಿದ್ದರೆ ಪರದೆಯ ಮೇಲೆ ಬಿಂಬ ಬೀಳುತ್ತದೆ, ವಿಡಿಯೋ ಕಾಲ್‌ನಲ್ಲಿ ಮುಖ ಕಪ್ಪಾಗುತ್ತದೆ. ಪಕ್ಕಕ್ಕಿದ್ದರೆ ಒಳ್ಳೆಯದು, ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ. ದಿಕ್ಕಿನ ವಿಷಯಕ್ಕೆ ಬಂದರೆ ಮುಂಬಯಿ ಸುಮಾರು 19 ಡಿಗ್ರಿ ಅಕ್ಷಾಂಶದಲ್ಲಿದೆ. ವರ್ಷದ ಹೆಚ್ಚು ದಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ಉತ್ತರಕ್ಕೆ ಸರಿಯುತ್ತಾನೆ, ಅದರಲ್ಲಿ ಅರ್ಧ ಕಾಲ ಮೋಡವೇ. ಹಾಗಾಗಿ ಉತ್ತರದ ಕಿಟಕಿಯ ಬೆಳಕು ದಿನವಿಡೀ ತಣ್ಣಗೆ ಒಂದೇ ಸಮ ಇರುತ್ತದೆ. ಪಶ್ಚಿಮದ ಕಿಟಕಿಯಾದರೆ ಮೂರು ಗಂಟೆಯ ಮೇಲೆ ಬೆನ್ನು ಸುಡುತ್ತದೆ, ಕಿಟಕಿಗೆ ದಪ್ಪ ಕರ್ಟನ್ ಬೇಕೇ ಬೇಕು.

ಗೋಡೆಯನ್ನೂ ಮರೆಯಬೇಡಿ. ನಮ್ಮ ಮಳೆ ನೈಋತ್ಯದಿಂದ ಗಾಳಿಯ ಜೊತೆ ಹೊಡೆಯುವಂಥದ್ದು, ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳೇ ಮೊದಲು ನೆನೆಯುವುದು. ಬಣ್ಣ ಉಬ್ಬಿದ, ಬಿಳಿ ಉಪ್ಪು ಕಾಣಿಸಿಕೊಂಡ ಗೋಡೆಗೆ ಮೇಜು ಒತ್ತಿ ನಿಲ್ಲಿಸಬೇಡಿ, ಪ್ಲಗ್ ಪಾಯಿಂಟನ್ನಂತೂ ಅಲ್ಲಿ ಹಾಕಿಸಲೇಬೇಡಿ. ಬೇರೆ ಗೋಡೆಯೇ ಇಲ್ಲವೆಂದರೆ ನಾಲ್ಕು ಬೆರಳು ಜಾಗ ಬಿಟ್ಟು ಮೇಜಿಡಿ.

ದುಡ್ಡು ಮೊದಲು ಕುರ್ಚಿಗೆ

ನಿಮ್ಮ ಹತ್ತಿರ ಹತ್ತು ಸಾವಿರ ಇದ್ದರೆ ಆರು ಸಾವಿರ ಕುರ್ಚಿಗೆ ಹಾಕಿ. ಅಷ್ಟು ಹಾಕುವುದೆಂದರೆ ನಮ್ಮವರಿಗೆ ಮನಸ್ಸು ಬರುವುದಿಲ್ಲ, ಗೊತ್ತು. ಕೂರುವುದಕ್ಕೆ ಇಷ್ಟೊಂದೇ ಎಂದು ನಮ್ಮ ಅತ್ತೆಯೂ ಕೇಳಿದ್ದರು. ಈಗ ಸೊಪ್ಪು ಸೋಸಲು ಅದರಲ್ಲೇ ಕೂರುತ್ತಾರೆ.

ಹೊಸದೇ ಆಗಬೇಕೆಂದಿಲ್ಲ. ಮುಚ್ಚಿದ, ಸ್ಥಳ ಬದಲಿಸಿದ ಆಫೀಸುಗಳ ಕುರ್ಚಿಗಳು ಜೋಗೇಶ್ವರಿ ಪಶ್ಚಿಮದ ಓಶಿವರಾ ಫರ್ನಿಚರ್ ಮಾರ್ಕೆಟ್ಟಿಗೆ ಬರುತ್ತವೆ. ನಮ್ಮ ಕಲ್ಯಾಣ ಕಡೆಯವರಿಗೆ ಉಲ್ಹಾಸನಗರ ಹತ್ತಿರ. ಹಳೆಯ ಕುರ್ಚಿ ಕೊಳ್ಳುವಾಗ ನಾನು ನೋಡಿದ್ದು ಇಷ್ಟು. ಮೊದಲು ಕೂತು ಪೂರ್ತಿ ಎತ್ತರಕ್ಕೆ ಏರಿಸಿ, ಹತ್ತು ನಿಮಿಷ ಅಂಗಡಿಯವನ ಜೊತೆ ಚೌಕಾಸಿ ಮಾಡುತ್ತಾ ಹಾಗೇ ಕೂತಿರಿ. ಅಷ್ಟರಲ್ಲಿ ಕುರ್ಚಿ ತಾನಾಗಿ ಕೆಳಗಿಳಿದಿದ್ದರೆ ಸೀಟು ಏರಿಳಿಸುವ ಗ್ಯಾಸ್ ಲಿಫ್ಟ್ ಹೋಗಿದೆ ಎಂದರ್ಥ. ಕುರ್ಚಿ ಬಿಡಬೇಕಾಗಿಲ್ಲ, ಬೆಲೆ ಇಳಿಸಿ ಎನ್ನಿ, ಹೊಸ ಲಿಫ್ಟ್ ಹಾಕಿಸಬಹುದು. ಮಗುಚಿ ಹಾಕಿ ಕೆಳಗಿನ ಐದು ಕಾಲುಗಳಲ್ಲಿ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಮಾತ್ರ ಬಿಟ್ಟು ಬನ್ನಿ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಇಲ್ಲದಿದ್ದರೆ ಸೀಟು ನಿಮಗೆ ಉದ್ದವಾಯಿತು, ಕಾಲು ಜೋಮು ಹಿಡಿಯುತ್ತದೆ.

ರೆಕ್ಸಿನ್ ಬೇಡ. ಮೇ ತಿಂಗಳಲ್ಲಿ ಬೆವರಿಗೆ ಅಂಟುತ್ತದೆ, ಎರಡು ಮಳೆಗಾಲ ಕಳೆದರೆ ಸಿಪ್ಪೆ ಏಳುತ್ತದೆ. ಬೆನ್ನಿಗೆ ಜಾಲರಿ ಇರುವುದೇ ಈ ಊರಿಗೆ ಸರಿ.

ಕೂರುವ ರೀತಿ: ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ, ಭುಜ ಸಡಿಲ, ಕೀಬೋರ್ಡಿನ ಮೇಲೆ ಕೈಯಿಟ್ಟಾಗ ಮೊಣಕೈ ತೊಂಬತ್ತು ಡಿಗ್ರಿ ಅಥವಾ ಸ್ವಲ್ಪ ಹೆಚ್ಚು ತೆರೆದಿರಬೇಕು. ಸೊಂಟದ ಹಿಂದೆ ಟೊಳ್ಳು ಉಳಿದರೆ ಟವೆಲ್ಲು ಸುರುಳಿ ಸುತ್ತಿ ಇಡಿ, ಇನ್ನೂರು ರೂಪಾಯಿ ದಿಂಬಿನಷ್ಟೇ ಕೆಲಸ ಮಾಡುತ್ತದೆ. ಕುರ್ಚಿ ಏರಿಸಿದಾಗ ಪಾದ ನೇತಾಡಿದರೆ ಊಟದ ಮಣೆ ಹಾಕಿಕೊಳ್ಳಿ. ಊರಿನಿಂದ ತಂದು ಲಾಫ್ಟ್ ಮೇಲೆ ಎಸೆದ ಹಲಸಿನ ಮರದ ಮಣೆ ನನಗೆ ನಾಲ್ಕು ವರ್ಷದಿಂದ ಕಾಲ್ಮಣೆಯಾಗಿದೆ.

ಈಗ ಮೇಜು

ಅಂಗಡಿಯ ಮೇಜು, ಡೈನಿಂಗ್ ಟೇಬಲ್ಲು ಎಲ್ಲವೂ ಸುಮಾರು 75 ಸೆಂ.ಮೀ. ಎತ್ತರ. ನಾನು 5 ಅಡಿ 2 ಇಂಚು. ಕುರ್ಚಿಯಲ್ಲಿ ಪಾದ ಊರಿ ಕೂತರೆ ನನ್ನ ಮೊಣಕೈ ನೆಲದಿಂದ 65 ಸೆಂ.ಮೀ. ಆ ಹತ್ತು ಸೆಂ.ಮೀ. ವ್ಯತ್ಯಾಸಕ್ಕಾಗಿ ಎಂಟು ತಿಂಗಳು ಭುಜ ಎತ್ತಿಕೊಂಡು ಟೈಪ್ ಮಾಡಿದ್ದೆ. ನಿಮ್ಮ ಮೊಣಕೈ ಎತ್ತರ ಅಳೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮೇಜಿನ ಮೇಲ್ಮೈ ಆ ಗೆರೆಯ ಆಸುಪಾಸಿಗೆ ಬರಬೇಕು.

ಜಾಗವಿಲ್ಲದ ಮನೆಗೆ ಗೋಡೆಗೆ ಜೋಡಿಸಿ ಮಡಿಚುವ ಹಲಗೆಯೇ ಉತ್ತಮ. ಕಾರ್ಪೆಂಟರ್ ಮೂವತ್ತು ಇಂಚೇ ಸ್ಟ್ಯಾಂಡರ್ಡ್ ಎಂದು ವಾದಿಸುತ್ತಾನೆ. ನಾನು ಗೆರೆ ತೋರಿಸಿ ಇಪ್ಪತ್ತಾರೂವರೆಗೆ ಮಾಡಿಸಿಕೊಂಡೆ. ಪಾರ್ಟಿಕಲ್ ಬೋರ್ಡು ಅಗ್ಗ, ಆದರೆ ಅಂಚಿನಿಂದ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಪ್ಲೈವುಡ್ ತಗೊಳ್ಳಿ, ಅದರಲ್ಲೂ ಮೇಲೆ ಐಎಸ್ 710 ಎಂದು ಮುದ್ರೆ ಇರುವುದು ನೀರು ತಡೆಯುವ ಮರೀನ್ ಪ್ಲೈ. ಐಎಸ್ 303ರ ಎಂಆರ್ ಗ್ರೇಡಿಗೆ ತೇವ ತಾಳುವ ಶಕ್ತಿ ಕಡಿಮೆ. 18 ಅಥವಾ 19 ಮಿ.ಮೀ. ದಪ್ಪ, ಮೇಲೆ ಹೊಳಪಿಲ್ಲದ ಸನ್ಮೈಕಾ, ನಾಲ್ಕೂ ಅಂಚಿಗೆ ಪಟ್ಟಿ. ನನಗೆ ಕೂಲಿ ಸೇರಿ ಐದು ಸಾವಿರದ ಆಸುಪಾಸು ಆಯಿತು.

ತೂಗುವ ಹಲಗೆಯ ಜೀವ ಗೋಡೆಯಲ್ಲಿದೆ. ಇಟ್ಟಿಗೆ ಗೋಡೆಯಾದರೆ ಆಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ. ಸಿಪೋರೆಕ್ಸ್ ಎಂಬ ಹಗುರ ಕಾಂಕ್ರೀಟ್ ಬ್ಲಾಕಿನ ಗೋಡೆಯಲ್ಲಿ ತಿರುಪು ಹಿಡಿಸುವ ಮಾಮೂಲಿ ಪ್ಲಗ್ ಸಡಿಲಾಗಿ ಕಳಚಿ ಬರುತ್ತದೆ, ಅದಕ್ಕೆಂದೇ ಬರುವ ಫಾಸ್ಟನರ್ ಕೇಳಿ. ಹೊಸ ಟವರುಗಳ ಮಿವಾನ್ ಗೋಡೆ, ಅಂದರೆ ಅಚ್ಚಿಗೆ ಸುರಿದು ಮಾಡಿದ ಕಾಂಕ್ರೀಟ್ ಗೋಡೆಯೊಳಗೆ ಕಬ್ಬಿಣವೂ ವೈರಿನ ಪೈಪೂ ಇರುತ್ತವೆ, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಡ್ರಿಲ್ ಹಾಕಿಸಬೇಡಿ. ಹಳೆಯ ಚಾಳಿನ (ಸಾಲು ಕೋಣೆಗಳ ವಠಾರದ) ಉದುರುವ ಗೋಡೆಗೆ ತೂಗುಹಲಗೆ ಬೇಡವೇ ಬೇಡ, ಮಡಿಚುವ ಕಾಲಿನ ಮೇಜು ಸಾಕು. ಬಾಡಿಗೆ ಮನೆಯವರಿಗೂ ಅದೇ.

ಪರದೆ

ಲ್ಯಾಪ್‌ಟಾಪನ್ನು ಇದ್ದಂತೆಯೇ ಬಳಸಿದರೆ ಕತ್ತಾದರೂ ಬಗ್ಗುತ್ತದೆ, ಕೈಯಾದರೂ ಏರುತ್ತದೆ. ಎರಡೂ ಸರಿಯಿರಲು ಸಾಧ್ಯವಿಲ್ಲ. ಸಾವಿರ, ಸಾವಿರದೈನೂರಕ್ಕೆ ಬೇರೆ ಕೀಬೋರ್ಡ್, ಮೌಸ್ ಕೊಂಡು ಲ್ಯಾಪ್‌ಟಾಪನ್ನು ಎತ್ತರಿಸಿಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಒಂದಿಷ್ಟು ಕೆಳಗೆ ಇರಲಿ, ದೂರ ಒಂದು ಕೈ ಅಳತೆ. ಸ್ಟ್ಯಾಂಡ್ ಕೊಳ್ಳುವ ತನಕ ನನ್ನ ಲ್ಯಾಪ್‌ಟಾಪು ‘ಕರ್ನಾಟಕ ಮಲ್ಲ’ ಪತ್ರಿಕೆಯ ರದ್ದಿ ಕಟ್ಟಿನ ಮೇಲೆ ಕೂತಿತ್ತು. ನಲವತ್ತು ದಾಟಿ ಬೈಫೋಕಲ್ ಕನ್ನಡಕ ಬಂದವರು ಪರದೆಯನ್ನು ಇನ್ನೂ ಕೆಳಗಿಳಿಸಬೇಕು. ಇಲ್ಲವಾದರೆ ಕೆಳಗಿನ ಗಾಜಿನಲ್ಲಿ ನೋಡಲು ಗದ್ದ ಎತ್ತಿ ಎತ್ತಿ ಕತ್ತು ಹಿಡಿಯುತ್ತದೆ.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡಬೇಕೆನ್ನುತ್ತಾರೆ. ನಮ್ಮ ಮನೆಯೊಳಗೆ ಇಪ್ಪತ್ತಡಿ ದೂರವೇ ಇಲ್ಲ. ಗ್ಯಾಲರಿಗೆ ಹೋಗಿ ಎದುರು ಬಿಲ್ಡಿಂಗಿನವರ ಬಟ್ಟೆ ಎಣಿಸಿ ಬರುತ್ತೇನೆ.

ವಿದ್ಯುತ್ತು, ಅವಸರ ಮಾಡಬಾರದ ಹೆಜ್ಜೆ

ಲ್ಯಾಪ್‌ಟಾಪು ಚಾರ್ಜಿಗೆ ಹಾಕಿ ಕೈಯಿಟ್ಟಾಗ ಜುಮ್ಮೆನ್ನುತ್ತದೆಯೇ? ಅದರ ಮೈ ಲೋಹದ್ದಾಗಿದ್ದರೆ ಬಹಳ ಸಲ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲವೆಂದೇ ಅರ್ಥ. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಮೀಟರ್ ಹಿಡಿಸಿ: ಫೇಸಿಗೂ ಅರ್ತಿಗೂ ನಡುವೆ 230 ವೋಲ್ಟಿನ ಆಸುಪಾಸು, ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಪೂರ್ತಿ ಕೆಲಸ ಮಾಡುವುದೂ ಅರ್ತಿಂಗ್ ಇದ್ದರೆ ಮಾತ್ರ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸಿಬಿಡಿ. ನೀರು ಹೊಕ್ಕುವ ಊರಲ್ಲಿ ಅದು ಜೀವ ಕಾಯುವ ಡಬ್ಬಿ.

ಎಕ್ಸ್‌ಟೆನ್ಶನ್ ಬೋರ್ಡಿನ ಲೆಕ್ಕ ಸುಲಭ. 6 ಆಂಪ್ ಬೋರ್ಡೆಂದರೆ 230ರಿಂದ ಗುಣಿಸಿ, 1380 ವ್ಯಾಟ್. ಲ್ಯಾಪ್‌ಟಾಪಿಗೆ 65, ಮಾನಿಟರಿಗೆ 30, ರೌಟರಿಗೆ 12, ದೀಪಕ್ಕೆ 10, ಟೇಬಲ್ ಫ್ಯಾನಿದ್ದರೆ 50. ಎಲ್ಲ ಸೇರಿ ಇನ್ನೂರನ್ನೂ ಮುಟ್ಟುವುದಿಲ್ಲ. ತೊಂದರೆ ಬರುವುದು ಅದೇ ಬೋರ್ಡಿಗೆ ಚಹಾದ ಕೆಟಲ್ ಚುಚ್ಚಿದಾಗ, ಅದೊಂದೇ 1500 ವ್ಯಾಟ್. ಬೋರ್ಡಿಗೆ ಇನ್ನೊಂದು ಬೋರ್ಡ್ ಜೋಡಿಸುವುದು ಬೇಡ. ಬೋರ್ಡನ್ನು ನೆಲದಲ್ಲಿ ಬಿಡದೆ ಹಲಗೆಯ ಕೆಳಭಾಗಕ್ಕೆ ಸ್ಕ್ರೂ ಹಾಕಿ ಹಿಡಿಸಿ. ನೆಲ ಒರೆಸುವ ಬಾಯಿಯೂ ಹರಸುತ್ತಾಳೆ.

ವೈರು, ಸ್ವಿಚ್ಚು ಹೆಚ್ಚಿಗೆ ಬೇಕಾದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಲೋಹಾರ್ ಚಾಳಿಗೆ ಹೋಗಿ. ಕಂಪ್ಯೂಟರ್ ಸಾಮಾನಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡ್. ಆದರೆ ಭಾನುವಾರ ಹೊರಡಬೇಡಿ, ಅಲ್ಲಿ ಬಹುತೇಕ ಅಂಗಡಿ ಮುಚ್ಚಿರುತ್ತವೆ.

ನೆಟ್ಟು

ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಕರೆಂಟು ಹೋದಾಗ ಸಾಯುವುದು ರೌಟರು. ಅದಕ್ಕೆ ದೊಡ್ಡ ಇನ್ವರ್ಟರ್ ಬೇಡ, ಸಾವಿರದೈನೂರರ ಆಸುಪಾಸಿನ ಪುಟ್ಟ ರೌಟರ್ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಬರೆದದ್ದು ಓದಿ. ವೋಲ್ಟ್ ಅಷ್ಟೇ ಇರಬೇಕು, ಸಾಮಾನ್ಯವಾಗಿ 12. ಆಂಪ್ ಅಷ್ಟು ಅಥವಾ ಹೆಚ್ಚಿರಬೇಕು. ಫೈಬರಿನ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಇಷ್ಟಾದರೂ ಬಿಲ್ಡಿಂಗಿನ ಮೆಟ್ಟಿಲ ಕೆಳಗಿರುವ ಕಂಪನಿಯ ಪೆಟ್ಟಿಗೆಗೆ ಕರೆಂಟಿಲ್ಲದಿದ್ದರೆ ನಿಮ್ಮ ನೆಟ್ಟೂ ಇಲ್ಲ. ಆದ್ದರಿಂದ ಮೊಬೈಲಿನ ಹಾಟ್‌ಸ್ಪಾಟ್ ಬೇರೆ ಕಂಪನಿಯದ್ದಿರಲಿ.

ರೌಟರನ್ನು ಫ್ರಿಜ್ಜಿನ ಹಿಂದೆಯೋ ಕಬ್ಬಿಣದ ಕಪಾಟಿನ ಮೇಲೆಯೋ ಇಡಬೇಡಿ. ನಮ್ಮ ಬಿಲ್ಡಿಂಗಿನಲ್ಲಿ ವೈಫೈ ಹುಡುಕಿದರೆ ಇಪ್ಪತ್ತು ಹೆಸರು ಬರುತ್ತವೆ. 2.4 ಗಿಗಾಹರ್ಟ್ಜ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಎಲ್ಲರ ರೌಟರೂ ಅಲ್ಲೇ ಗುದ್ದಾಡುತ್ತಿರುತ್ತದೆ. ರೌಟರಿರುವ ಕೋಣೆಯಲ್ಲೇ ಕೂರುವವರು 5 ಗಿಗಾಹರ್ಟ್ಜ್‌ಗೆ ಹೋಗಿ. ಗೋಡೆ ದಾಟುವಾಗ ಅದು ಸೊರಗುತ್ತದೆ. ಹಾಗಾದರೆ ಕ್ಯಾಟ್ 6 ಎಂಬ ನೆಟ್ ಕೇಬಲ್ಲನ್ನು ಬಾಗಿಲ ಚೌಕಟ್ಟಿಗುಂಟ ಎಳೆಸಿ ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ನಾನು ಮಾಡಿದ್ದು ಅದನ್ನೇ.

ಬೆಳಕು, ಗಾಳಿ, ಸದ್ದು

ಜುಲೈಯ ನಡು ಮಧ್ಯಾಹ್ನ ಇಲ್ಲಿ ಸಂಜೆಯಂತಿರುತ್ತದೆ, ಕಿಟಕಿಯನ್ನೇ ನಂಬಲಾಗದು. ಕೋಣೆಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬು, ಮೇಜಿಗೆ ಬೇರೆ ದೀಪ, ಬಣ್ಣ 4000 ಕೆಲ್ವಿನ್. ತೀರಾ ಹಳದಿಯೂ ಬೇಡ, ಆಸ್ಪತ್ರೆಯ ಬಿಳಿಯೂ ಬೇಡ. ದೀಪವು ಸೀಲಿಂಗ್ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ ಮೇಜಿನ ಮೇಲೆ ನೆರಳು ಪಟಪಟನೆ ಓಡುತ್ತದೆ. ತಲೆನೋವು ಏಕೆಂದು ನನಗೆ ಗೊತ್ತಾಗಿದ್ದೇ ತಿಂಗಳಾದ ಮೇಲೆ. ದಿನವಿಡೀ ತಿರುಗುವ ಫ್ಯಾನು ಹಳೆಯದಾಗಿದ್ದರೆ ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಮೋಟರಿನದು ಹಾಕಿಸಿ: 75 ವ್ಯಾಟಿನ ಜಾಗದಲ್ಲಿ 30ರ ಆಸುಪಾಸು.

ಸದ್ದು ಪೂರ್ತಿ ನಿಲ್ಲಿಸುವ ಉಪಾಯ ಮುಂಬಯಿಯಲ್ಲಿಲ್ಲ. ಬಾಯಿಯ ಹತ್ತಿರ ಮೈಕಿರುವ ವೈರಿನ ಹೆಡ್‌ಸೆಟ್ ಅರ್ಧ ಗೆದ್ದ ಹಾಗೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದರೆ ಉಳಿದದ್ದರಲ್ಲಿ ಅರ್ಧ. ಒಮ್ಮೆ ವರ್ಷಾಂತ್ಯದ ಲೆಕ್ಕದ ಮೀಟಿಂಗಿನಲ್ಲಿ ನಮ್ಮ ಕುಕ್ಕರ್ ಕೂಗಿತು. ಅತ್ತ ಕಡೆಯ ಸಾಹೇಬರು ಗಂಭೀರವಾಗಿ, ಮೇಡಂ, ಮೂರಾಯ್ತು, ಗ್ಯಾಸ್ ಆರಿಸಿ ಎಂದರು. ಅಂದಿನಿಂದ ಬೆಡ್‌ರೂಮಿನ ಚಿಲಕಕ್ಕೆ ಕೆಂಪು ಕರ್ಚೀಫು ಕಟ್ಟಿದ್ದರೆ ಕಾಲ್ ನಡೆಯುತ್ತಿದೆ, ಒಲೆಯ ಮೇಲೆ ಕುಕ್ಕರಿಲ್ಲ ಎಂದು ಒಪ್ಪಂದ. ಮಾತಿನಲ್ಲಿ ಹೇಳಿದ ನಿಯಮ ಮೂರು ದಿನದಲ್ಲಿ ಮರೆತುಹೋಗುತ್ತದೆ, ಬಟ್ಟೆ ಕಣ್ಣಿಗೆ ಕಾಣುತ್ತದೆ. ಇದರ ಬದಲಿಗೆ ಅತ್ತೆ ಒಂದು ಷರತ್ತು ಹಾಕಿದರು: ಆರು ಗಂಟೆಗೆ ಹಲಗೆ ಮಡಿಚಿರಬೇಕು. ಹಾಗಾಗಿ ಸಾಮಾನೆಲ್ಲ ಹಿಡಿಯುವ ಮುಚ್ಚಳದ ಡಬ್ಬವೊಂದು ಮಂಚದ ಕೆಳಗಿದೆ. ಚಾರ್ಜರ್, ಮೌಸ್, ಡೈರಿ ಎಲ್ಲವೂ ಎರಡು ನಿಮಿಷದಲ್ಲಿ ಒಳಗೆ.

ಮೇ ಕೊನೆಯ ವಾರದ ಕೆಲಸ

ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಇದಕ್ಕೆಂದೇ ಇಡಿ. ಬಿಲ್ಲು, ಒಪ್ಪಂದಪತ್ರಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಳಸದ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಡಬೇಡಿ, ಎರಡು ಮೂರು ದಿನಕ್ಕೊಮ್ಮೆ ಹಾಕಿದರೆ ಅದರ ಬಿಸಿಗೇ ಒಣಗುತ್ತಿರುತ್ತದೆ. ಆಫೀಸಿಗೆ ಹೊತ್ತೊಯ್ಯುವಾಗ ಬ್ಯಾಗಿನ ಹೊರಗಿನ ರೇನ್‌ಕವರ್ ಮಾತ್ರ ನಂಬದೆ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ನೆನೆದರೆ ಆನ್ ಮಾಡಿ ನೋಡುವ ಆಸೆ ತಡೆದುಕೊಂಡು ನೇರ ರಿಪೇರಿಯವನ ಹತ್ತಿರ ಒಯ್ಯಿರಿ. ರೌಟರಿನ ಹಿಂದೆ ಒಮ್ಮೆ ಇಣುಕಿ, ಆ ಬೆಚ್ಚಗಿನ ಜಾಗ ಹಲ್ಲಿಗೂ ಜಿರಳೆಗೂ ಬಲು ಇಷ್ಟ.

ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಕುರ್ಚಿಯ, ಹಲಗೆಯ ತಿರುಪುಗಳನ್ನೆಲ್ಲ ಬಿಗಿ ಮಾಡಿ. ಕಳೆದ ಮೇಯಲ್ಲಿ ನಮ್ಮ ಹಲಗೆಯ ಎಡಗಡೆಯ ಬ್ರಾಕೆಟ್ ಪೂರ್ತಿ ಸಡಿಲಾಗಿತ್ತು. ಲ್ಯಾಪ್‌ಟಾಪಿನ ಭಾರಕ್ಕೆ ಹೀಗೇಕಾಯಿತೆಂದು ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ನಾನು ಆಫೀಸಿಗೆ ಹೋದ ಎರಡು ದಿನ ಅತ್ತೆ ಅದರ ಮೇಲೆ ಹಲಸಿನ ಹಪ್ಪಳ ಒತ್ತುತ್ತಿದ್ದರು. ಈಗ ಬ್ರಾಕೆಟ್ ಎರಡಲ್ಲ, ಮೂರಿವೆ.